ಶ್ರೀರಂಗಪಟ್ಟಣ: ನೀರು, ಭತ್ತ ಮತ್ತು ಪುಸ್ತಕಗಳ ನಡುಗಡ್ಡೆ

ನಮ್ಮ ಕುದೂರು, ಮಾಗಡಿ ಕಡೆಯ ಶಾಲಾ ಮಕ್ಕಳಿಗೆ ಶೈಕ್ಷಣಿಕ ಪ್ರವಾಸ ಎಂದರೆ ಮೊದಲು ನೆನಪಿಗೆ ಬರುವ ಊರು ಶ್ರೀರಂಗಪಟ್ಟಣ. ಬೆಳಗಿನ ಜಾವ ಹೊರಟ ಬಸ್ಸು ಮಾಗಡಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ದಾಟಿ ಕಾವೇರಿಯ ಸೇತುವೆ ಹತ್ತುತ್ತದೆ. ಮಕ್ಕಳು ಕೋಟೆ ನೋಡುತ್ತಾರೆ, ಗುಂಬಜ್ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಸಂಜೆಗೆ ಬೃಂದಾವನದ ಬಣ್ಣದ ಕಾರಂಜಿಗೆ ಓಡುತ್ತಾರೆ. ಹಿಂತಿರುಗಿದ ಮೇಲೆ "ಏನೇನು ನೋಡಿದಿರಿ?" ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಟಿಪ್ಪು ಸತ್ತ ಜಾಗ, ಕೈದಿಗಳನ್ನು ಕಟ್ಟಿಹಾಕಿದ್ದ ನೆಲಮಾಳಿಗೆ, ಮೀರ್ ಸಾದಿಕನ ಮೋಸದ ಕತೆ.

ಅಂದರೆ ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿರುವ ಊರಿನಿಂದ ನಮ್ಮ ಮಕ್ಕಳು ಹೊತ್ತು ತರುವುದು ಒಂದೇ ದಿನದ ನೆನಪು, 1799ರ ಮೇ 4. ಭೂಮಿಯ ಮೇಲೆ ಸಂಚರಿಸಿ, ಹಿಂದಿನವರು ಹೇಗೆ ಬಾಳಿದರು, ಅವರ ಗತಿ ಏನಾಯಿತು ಎಂಬುದನ್ನು ಕಂಡು ಪಾಠ ಕಲಿಯುವಂತೆ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಎಚ್ಚರಿಸುತ್ತದೆ. ಬಿದ್ದದ್ದನ್ನು ಮಾತ್ರ ನೋಡಿ ಬಂದರೆ ಆ ಪಾಠ ಅರ್ಧವಾದೀತು. ಆ ಊರು ಹೇಗೆ ಎದ್ದು ನಿಂತಿತು ಎಂಬುದನ್ನೂ ನೋಡಬೇಕು. ಅದನ್ನು ಎತ್ತಿ ನಿಲ್ಲಿಸಿದ್ದು ಕತ್ತಿಯೊಂದೇ ಅಲ್ಲ; ನೀರಿನ ಜ್ಞಾನ, ಭತ್ತದ ಬೇಸಾಯ, ಕುಶಲಕರ್ಮಿಗಳ ಕೈಗಾರಿಕೆ ಮತ್ತು ಪುಸ್ತಕಗಳು ಎಂಬುದನ್ನು ನೆನಪಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಬೆಟ್ಟಗಳೂ ಆ ನಡುಗಡ್ಡೆಯೂ

ಶ್ರೀರಂಗಪಟ್ಟಣದ ಕತೆ ಕುದೂರಿನವರಿಗೆ ದೂರದ ಕತೆಯಲ್ಲ. ನಮ್ಮ ಸುತ್ತಲಿನ ಭೈರವನದುರ್ಗ, ಹುತ್ರಿದುರ್ಗ, ಸಾವನದುರ್ಗಗಳು ಒಂದು ಕಾಲಕ್ಕೆ ಮಾಗಡಿ ಕೆಂಪೇಗೌಡರ ವಂಶದವರ ಕೋಟೆಗಳು. ಮೈಸೂರು ಸಂಸ್ಥಾನದ ಕೈ ಸೇರಿದ ಮೇಲೆ ಸಾವನದುರ್ಗ, ಹುತ್ರಿದುರ್ಗಗಳು ರಾಜಧಾನಿಗೆ ಹೋಗುವ ದಾರಿಯ ಕಾವಲುಗಾರರಾದವು.

1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲೀಸ್ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯವರೆಗೂ ಬಂದ. ಯುದ್ಧದಲ್ಲಿ ಮೇಲುಗೈಯೂ ಆಯಿತು. ಆದರೆ ಮಳೆ ಹಿಡಿಯಿತು, ನದಿ ಏರಿತು, ದಂಡಿಗೆ ಧಾನ್ಯವಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಹಿಂತಿರುಗಬೇಕಾಯಿತು. ಬೆನ್ನ ಹಿಂದೆ ದಾರಿ ಭದ್ರವಿಲ್ಲದೆ, ಸರಬರಾಜು ಇಲ್ಲದೆ ನಡುಗಡ್ಡೆಯನ್ನು ಮುಟ್ಟಲಾಗದು ಎಂಬುದು ಆಗ ಅವನಿಗೆ ಮನವರಿಕೆಯಾಯಿತು. ಆದ್ದರಿಂದಲೇ ಅದೇ ವರ್ಷದ ಕೊನೆಯಲ್ಲಿ ನಮ್ಮ ಬೆಟ್ಟಗಳ ಮೇಲೆ ಅವನ ಕಣ್ಣು ಬಿತ್ತು. ಯಾರೂ ಗೆಲ್ಲಲಾಗದು ಎಂಬ ಹೆಸರಿದ್ದ ಸಾವನದುರ್ಗ 1791ರ ಡಿಸೆಂಬರ್ 21ರಂದು ಬಿತ್ತು. ಮೂರೇ ದಿನಗಳಲ್ಲಿ ಹುತ್ರಿದುರ್ಗವೂ ಕೈಬಿಟ್ಟಿತು. 1792ರ ಜನವರಿ ಕೊನೆಯಲ್ಲಿ ಹುತ್ರಿದುರ್ಗದ ಸಮೀಪದಿಂದಲೇ ದಂಡು ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ಆ ವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಬಿಟ್ಟುಕೊಡಬೇಕಾಯಿತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳಿಸಬೇಕಾಯಿತು.

ಮೊದಲನೇ ಸಲ ನಡುಗಡ್ಡೆಯನ್ನು ಉಳಿಸಿದ್ದು ನದಿ ಮತ್ತು ಮಳೆ. ಎರಡನೇ ಸಲ ಅದನ್ನು ಬಾಗಿಸಿದ್ದು ನಮ್ಮ ಬೆಟ್ಟಗಳ ಸೋಲು. ಸಾವನದುರ್ಗ ಹತ್ತುವ ನಮ್ಮ ಹುಡುಗರಿಗೆ ಇದು ಗೊತ್ತಿರಬೇಕು.

ನದಿ ಕೊಟ್ಟ ರಕ್ಷೆ, ನದಿ ಕೊಟ್ಟ ಅನ್ನ

ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು, ಸುಮಾರು ಐದು ಕಿಲೋಮೀಟರ್ ಉದ್ದದ ನೆಲವನ್ನು ತಬ್ಬಿಕೊಂಡು, ಪೂರ್ವದ ತುದಿಯ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಶಿವನಸಮುದ್ರ ಮತ್ತು ತಮಿಳುನಾಡಿನ ಶ್ರೀರಂಗಂ ಕೂಡ ಇಂಥವೇ ಕಾವೇರಿ ನಡುಗಡ್ಡೆಗಳು. ಈ ಮೂರರಲ್ಲೂ ರಂಗನಾಥನ ಗುಡಿಗಳಿದ್ದು, ಭಕ್ತರು ಶ್ರೀರಂಗಪಟ್ಟಣವನ್ನು ಆದಿರಂಗ ಎನ್ನುತ್ತಾರೆ. ಇಲ್ಲಿನ ದೇವಾಲಯದ ಮೂಲ ಗಂಗರ ಕಾಲದ್ದು, ಕ್ರಿ.ಶ. 894ರಲ್ಲಿ ತಿರುಮಲಯ್ಯ ಎಂಬ ಸಾಮಂತ ಅದನ್ನು ಕಟ್ಟಿಸಿದನೆಂಬ ಉಲ್ಲೇಖವಿದೆ. 1454ರಲ್ಲಿ ನಾಗಮಂಗಲದ ತಿಮ್ಮಣ್ಣ ಕೋಟೆ ಕಟ್ಟಿದ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ಪಡೆದು ಅಲ್ಲಿಯೇ ದಸರಾ ಆರಂಭಿಸಿದರು.

ನಾವು ರಾಗಿಯ ನಾಡಿನವರು. ಮಳೆ ಬಂದರೆ ಬೆಳೆ, ಕೆರೆ ತುಂಬಿದರೆ ಒಂದಿಷ್ಟು ಗದ್ದೆ. ಮದ್ದೂರು ದಾಟಿದೊಡನೆ ಕಣ್ಣು ತುಂಬುವ ಹಸಿರು ಗದ್ದೆಗಳನ್ನು ಕಂಡಾಗ "ಇವರಿಗೆ ನದಿ ಇದೆ, ಪುಣ್ಯವಂತರು" ಎಂದುಕೊಳ್ಳುತ್ತೇವೆ. ಆದರೆ ನದಿ ಇದ್ದ ಮಾತ್ರಕ್ಕೆ ಗದ್ದೆಗೆ ನೀರು ಹರಿಯುವುದಿಲ್ಲ. ತಗ್ಗಿನಲ್ಲಿ ಹರಿಯುವ ನೀರನ್ನು ಎತ್ತರದ ನೆಲಕ್ಕೆ ತರಲು ಲೆಕ್ಕ ಬೇಕು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ (1638–1659) ಮೇಲುಭಾಗದಲ್ಲಿ ಕಟ್ಟೆ ಕಟ್ಟಿ, ಬಂಗಾರದೊಡ್ಡಿ ನಾಲೆ ತೆಗೆದು, ನದಿಯ ಒಂದು ಕವಲಿನ ಮೇಲೆ ಮೇಲ್ಗಾಲುವೆಯಲ್ಲಿ ನೀರನ್ನು ದಾಟಿಸಿ ನಡುಗಡ್ಡೆಗೆ ತಂದರು. ನದಿಯ ಮೇಲೆ ಇನ್ನೊಂದು ಪುಟ್ಟ ನದಿ! ಮುಂದೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮತ್ತಷ್ಟು ನಾಲೆಗಳಾದವು. ನಡುಗಡ್ಡೆಯ ಭತ್ತ, ಕಬ್ಬು, ತೆಂಗಿನ ತೋಟಗಳು ಈ ನಾಲೆಗಳ ಫಲ.

ಅದೇ ಕಾಲದ ಕಟ್ಟೆಯೊಂದರಿಂದ ನದಿಯಲ್ಲಿ ಮೂಡಿದ ಚಿಕ್ಕ ಚಿಕ್ಕ ದಿಬ್ಬಗಳೇ ಇಂದಿನ ರಂಗನತಿಟ್ಟು. ಅಲ್ಲಿ ಗೂಡು ಕಟ್ಟುವ ಕೊಕ್ಕರೆ, ಚಮಚಕೊಕ್ಕುಗಳನ್ನು ಕಂಡು, ಇದನ್ನು ರಕ್ಷಿಸಬೇಕೆಂದು ಮೈಸೂರು ಸರ್ಕಾರದ ಮನವೊಲಿಸಿದವರು ನಾಡಿನ ಹಿರಿಯ ಪಕ್ಷಿತಜ್ಞ ಡಾ. ಸಲೀಂ ಅಲಿ. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮುಖ್ಯ ಜೌಗುನೆಲಗಳಲ್ಲಿ ಒಂದೆನಿಸಿತು. ಹಕ್ಕಿ ನೋಡಲು ದೋಣಿ ಹತ್ತುವ ಮಕ್ಕಳಿಗೆ ಈ ಹೆಸರನ್ನು ಹೇಳಿಕೊಡುವುದು ಶಿಕ್ಷಕರ ಕರ್ತವ್ಯ.

ಕೃಷ್ಣರಾಜಸಾಗರದಲ್ಲಿ ಬಹುತೇಕರು ಗಮನಿಸದ ಒಂದು ಕಲ್ಲಿದೆ. 1911ರಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾದಾಗ ಅಲ್ಲಿ ಸಿಕ್ಕಿದ ಪಾರ್ಸಿ ಶಾಸನ ಅದು. ತನ್ನ ಆಳ್ವಿಕೆಯ ಕೊನೆಯ ದಶಕದಲ್ಲಿ ಟಿಪ್ಪು ಸುಲ್ತಾನ್ ಅದೇ ಕನ್ನಂಬಾಡಿಯ ಬಳಿ ಕಾವೇರಿಗೆ ಅಡ್ಡಲಾಗಿ ಅಣೆಕಟ್ಟೆಯೊಂದಕ್ಕೆ ಅಡಿಗಲ್ಲಿಟ್ಟುದನ್ನು ಅದು ತಿಳಿಸುತ್ತದೆ. ಆ ನೀರಿನಿಂದ ಹೊಸ ಭೂಮಿಯನ್ನು ಸಾಗುವಳಿಗೆ ತರುವ ರೈತನಿಗೆ ಕಂದಾಯದಲ್ಲಿ ನಾಲ್ಕನೇ ಒಂದು ಭಾಗ ಮಾಫಿ ಎಂದೂ, ಆ ಭೂಮಿ ಅವನ ಮಕ್ಕಳು ಮೊಮ್ಮಕ್ಕಳಿಗೂ ಸಲ್ಲುತ್ತದೆಂದೂ ಅದರಲ್ಲಿ ಘೋಷಿಸಲಾಗಿದೆ. ಆ ಕಟ್ಟೆ ಮುಗಿಯಲಿಲ್ಲ. ಒಂದು ಶತಮಾನದ ಬಳಿಕ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಆ ಕನಸು ಬೇರೆ ರೂಪದಲ್ಲಿ ನನಸಾಯಿತು. ಒಬ್ಬರ ಶಾಸನವನ್ನು ಇನ್ನೊಬ್ಬರು ಕಾಪಾಡಿ ಅಣೆಕಟ್ಟೆಯ ಬಳಿ ಇಡಿಸಿದ್ದು ಮೈಸೂರಿನ ದೊಡ್ಡತನ.

ಕಣ್ಣಿಟ್ಟು ನೋಡಬೇಕಾದ ಸ್ಥಳಗಳು

ಬೆಂಗಳೂರು ಬಾಗಿಲಿನ ಪಕ್ಕದಲ್ಲೇ ಎರಡು ಎತ್ತರದ ಮಿನಾರುಗಳ ಮಸ್ಜಿದೆ ಆಲಾ ಇದೆ. ಟಿಪ್ಪು ಇದನ್ನು 1787ರಲ್ಲಿ ಕಟ್ಟಿಸಿದ. ಮಿನಾರುಗಳ ತುಂಬ ಪಾರಿವಾಳಗಳಿಗಾಗಿಯೇ ಬಿಟ್ಟ ಗೂಡುಗಳಿವೆ. ದೊರೆಯ ಮಸೀದಿಯಲ್ಲಿ ಹಕ್ಕಿಗೂ ಪಾಲು. ಒಳಗೆ ಅಲ್ಲಾಹನ ನಾಮಗಳನ್ನು ಕೆತ್ತಿದ ಫಲಕಗಳಿವೆ.

ಕೋಟೆಯ ಹೊರಗಿನ ದರಿಯಾ ದೌಲತ್ 1784ರ ಬೇಸಿಗೆ ಅರಮನೆ, ಬಹುಪಾಲು ತೇಗದ ಮರದ್ದು. ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಅದರಲ್ಲಿ ಕರ್ನಲ್ ಬೈಲಿಯ ಸೋಲನ್ನು ಕಾಣಬಹುದು. ಮದ್ದುಗುಂಡಿನ ಬಂಡಿ ಸಿಡಿದು ಇಂಗ್ಲಿಷರ ಸಾಲು ಒಡೆದ ಗಳಿಗೆಯನ್ನು ಚಿತ್ರಕಾರ ಬಿಟ್ಟಿಲ್ಲ. ಆ ಕಾಲದ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳು ಯೂರೋಪನ್ನೇ ಬೆರಗುಗೊಳಿಸಿ, ಇಂಗ್ಲೆಂಡಿನ ಕಾಂಗ್ರೀವ್‌ನ ಪ್ರಯೋಗಗಳಿಗೆ ದಾರಿಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಹಾಳುಬಾವಿಯೊಂದರಲ್ಲಿ ಅಂಥ ಸಾವಿರದಷ್ಟು ರಾಕೆಟ್‌ಗಳು ಸಿಕ್ಕವು.

ಸಂಗಮದ ಹತ್ತಿರದ ಗುಂಬಜ್‌ನಲ್ಲಿ ಹೈದರ್ ಅಲಿ, ಫಾತಿಮಾ ಫಖ್ರುನ್ನಿಸಾ ಮತ್ತು ಅವರ ಮಗ ಟಿಪ್ಪು ಮಲಗಿದ್ದಾರೆ. ಸುತ್ತಲೂ 36 ಕರಿಕಲ್ಲಿನ ನುಣುಪಾದ ಕಂಬಗಳು; ಒಳಗೋಡೆಯ ಮೇಲೆ ಹುಲಿಪಟ್ಟೆ. ದಂತದ ಕುಸುರಿಯಿರುವ ಬಾಗಿಲುಗಳನ್ನು 1855ರಲ್ಲಿ ಕೊಟ್ಟವನು ಗವರ್ನರ್ ಜನರಲ್ ಡಾಲ್‌ಹೌಸಿ. 

ಕೋಟೆಯೊಳಗಿನ ಮದ್ದಿನಮನೆಗಳಲ್ಲಿ ಒಂದರ ಕತೆ ಈಚಿನದು. ಬೆಂಗಳೂರು–ಮೈಸೂರು ಜೋಡಿ ರೈಲುಮಾರ್ಗಕ್ಕೆ ಅದು ಅಡ್ಡ ಬಂದಾಗ ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಹಿತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಮನಸ್ಸಿದ್ದರೆ ಪರಂಪರೆಯೂ ಪ್ರಗತಿಯೂ ಒಟ್ಟಿಗೆ ಸಾಗಬಹುದು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ (1804) ಇಂದಿಗೂ ನಿಂತಿದೆ. 2014ರಿಂದ ಈ ದ್ವೀಪ ಪಟ್ಟಣದ ಸ್ಮಾರಕಗಳು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ.

ಎರಡೂ ಪುಟಗಳನ್ನು ಓದಬೇಕು

ಟಿಪ್ಪುವಿನ ಹೆಸರು ಇಂದು ವಾದವಿವಾದದ ನಡುವೆ ಸಿಕ್ಕಿದೆ. ಸರ್ಕಾರ 2015ರಲ್ಲಿ ಜಯಂತಿ ಆಚರಣೆ ಆರಂಭಿಸಿತು, 2019ರಲ್ಲಿ ನಿಲ್ಲಿಸಿತು. ಇತಿಹಾಸದ ವಿದ್ಯಾರ್ಥಿ ಈ ಗದ್ದಲದಲ್ಲಿ ಕಿವಿ ಕಳೆದುಕೊಳ್ಳಬಾರದು. ರಂಗನಾಥ ದೇವಾಲಯ ಅರಮನೆಗೆ ಕೂಗಳತೆಯಲ್ಲಿ ಪೂಜೆ ನಿಲ್ಲದೆ ಉಳಿಯಿತು. ಸುಲ್ತಾನನು ಕೊಟ್ಟ ಬೆಳ್ಳಿಯ ಪೂಜಾ ಪಾತ್ರೆಗಳು ಅಲ್ಲಿವೆ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಮಠದ ಪುನಃ ಪ್ರತಿಷ್ಠೆಗೆ ನೆರವಾಗಿ ಬರೆದ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಇದೊಂದು ಪುಟ.

1784ರಲ್ಲಿ ಮಂಗಳೂರು ಕಡೆಯ ಕ್ರೈಸ್ತರನ್ನು ಸೆರೆಹಿಡಿದು ಇದೇ ನಡುಗಡ್ಡೆಗೆ ನಡೆಸಿಕೊಂಡು ಬಂದದ್ದು, ಕೊಡಗಿನವರು ಅನುಭವಿಸಿದ ಸಂಕಟ, ಗಂಜಾಂ ಪೇಟೆಯನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದದ್ದು, ಇವು ಇನ್ನೊಂದು ಪುಟ. ಗಂಜಾಂನಲ್ಲಿ ಪಾದ್ರಿ ಅಬ್ಬೆ ದುಬೋಯ್ 1800ರಲ್ಲಿ ಕಟ್ಟಿಸಿದ ಇಗರ್ಜಿ ಇಂದಿಗೂ ಇದೆ. ಸುತ್ತಲಿನ ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವನು ಅವನು. ಅದನ್ನೂ ನಮ್ಮ ಮಕ್ಕಳು ನೋಡಿ ಬರಲಿ. ನಮಗೆ ಹಿತವಾದ ಪುಟವನ್ನು ಮಾತ್ರ ಓದುವವನು ಇತಿಹಾಸ ಓದಿದಂತಲ್ಲ. ನ್ಯಾಯಕ್ಕೆ ಸಾಕ್ಷಿ ನಿಲ್ಲುವಾಗ ತನ್ನವರ ವಿರುದ್ಧವಾದರೂ ಸತ್ಯ ನುಡಿಯಬೇಕೆಂಬುದು ನಮ್ಮ ಧರ್ಮದ ಬೋಧನೆಯೇ ಆಗಿದೆ.

ದಾರಿಯುದ್ದಕ್ಕೂ ಚೆಲ್ಲಿದ ಕಸುಬುಗಳು

ನಡುಗಡ್ಡೆಯ ಅರಮನೆ ಬಿದ್ದುಹೋಯಿತು, ಕಸುಬುಗಳು ಬೀಳಲಿಲ್ಲ. ಬಂಗಾಳದಿಂದ ರೇಷ್ಮೆಹುಳು ತರಿಸಿ ರಾಜ್ಯದ 21 ಕಡೆ ಸಾಕಲು ಟಿಪ್ಪು 1786ರ ಸುಮಾರಿಗೆ ಆಜ್ಞೆ ಮಾಡಿದ. ಇಂದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಮುಂಜಾನೆ ಹರಾಜು ಕೂಗುವ ಸದ್ದಿನ ಹಿಂದೆ ಆ ಆಜ್ಞೆಯಿದೆ. ರೀಲರುಗಳಾಗಿ, ಕೂಲಿಗಳಾಗಿ ನಮ್ಮ ಎಷ್ಟು ಮನೆಗಳು ಆ ನೂಲಿನಿಂದ ಬದುಕಿವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳಿಗೂ ಟಿಪ್ಪು ಕರೆಸಿದ ಪರ್ಷಿಯಾದ ಕುಶಲಕರ್ಮಿಗಳೇ ಮೂಲವೆಂದು ಅಲ್ಲಿನವರು ಹೇಳುತ್ತಾರೆ. ಆ ಕಲೆಗೆ ಹೊಸ ರೂಪ ಕೊಟ್ಟವರೆಂದು ಬಾವಾ ಮಿಯಾನರನ್ನು ನೆನೆಯುತ್ತಾರೆ. ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗೂ ಚನ್ನಪಟ್ಟಣ ಹೆಸರಾಗಿತ್ತು.

ಅದೇ ಊರಿನ ಹೊರಗೆ ಎರಡು ಸಮಾಧಿಗಳಿವೆ. ಒಂದು ಟಿಪ್ಪುವಿನ ಧಾರ್ಮಿಕ ಗುರು ಅಖೀಲ್ ಷಾ ಖಾದ್ರಿಯವರದು. ಇನ್ನೊಂದು ಬೆಂಗಳೂರಿನ ಕೋಟೆಯ ಅಧಿಕಾರಿಯಾಗಿದ್ದ ಸೈಯದ್ ಇಬ್ರಾಹಿಂ ಅವರದು. ಸೆರೆಸಿಕ್ಕ ಇಂಗ್ಲಿಷರನ್ನು ಕರುಣೆಯಿಂದ ಕಂಡವರೆಂದು ಶತ್ರುಗಳೇ ಅವರನ್ನು ಹೊಗಳಿದ್ದಾರೆ. ನೆಲಮಾಳಿಗೆಯನ್ನು ತೋರಿಸುವ ನಾವು ಮಕ್ಕಳಿಗೆ ಈ ಸಮಾಧಿಯನ್ನೂ ತೋರಿಸಬೇಡವೇ? ಅದು ದಾರಿಯಲ್ಲೇ ಇದೆ.

ಊರು ಬರಿದಾಯಿತು, ಪುಸ್ತಕಗಳು ಹೊರಟವು

ಮೇ 4ರ ಮಧ್ಯಾಹ್ನ ಶತ್ರುಗಳು ಕೋಟೆಯ ಪಶ್ಚಿಮದ ಮೂಲೆಯಲ್ಲಿ ಗೋಡೆ ಒಡೆದು, ನೀರಿಳಿದಿದ್ದ ನದಿಯಲ್ಲಿ ನಡೆದೇ ದಾಟಿದರು. ಮಳೆಗಾಲಕ್ಕೆ ಇನ್ನು ಕೆಲವೇ ವಾರಗಳಿದ್ದವು. 1791ರ ಪಾಠವನ್ನು ಅವರು ಮರೆತಿರಲಿಲ್ಲ. ಮಾರನೆಯ ದಿನ ಗುಡುಗು ಮಿಂಚಿನ ನಡುವೆ ಸುಲ್ತಾನನ ದಫನ್ ಆಯಿತು.

ರಾಜಧಾನಿ ಮೈಸೂರಿಗೆ ಹೋಯಿತು. ಮಲೇರಿಯಾ ಜ್ವರದ ಕಾಟಕ್ಕೆ ಇಂಗ್ಲಿಷರ ದಂಡೂ 1809ರಲ್ಲಿ ಬೆಂಗಳೂರಿಗೆ ಹೊರಟಿತು. ಟಿಪ್ಪುವಿನ ಕಾಲದಲ್ಲಿ ನಡುಗಡ್ಡೆಯಲ್ಲಿ ಒಂದೂವರೆ ಲಕ್ಷ ಜನವಿದ್ದರೆಂದು 1800ರಲ್ಲಿ ಬಂದ ಬುಕಾನನ್ ಅಂದಾಜು ಮಾಡಿದ್ದ. 1901ರ ಜನಗಣತಿಯ ವೇಳೆಗೆ ಉಳಿದವರು ಒಂಬತ್ತು ಸಾವಿರಕ್ಕೂ ಕಡಿಮೆ.

ಸಿಂಹಾಸನ ತುಂಡಾಯಿತು, ಆಭರಣಗಳು ಹಂಚಿಹೋದವು. ಎಲ್ಲರೂ ಇದನ್ನು ಹೇಳುತ್ತಾರೆ. ಪುಸ್ತಕಗಳ ಮಾತನ್ನು ಯಾರೂ ಎತ್ತುವುದಿಲ್ಲ. ಅರಮನೆಯಲ್ಲಿ ಸುಮಾರು 2,000 ಹಸ್ತಪ್ರತಿಗಳ ಗ್ರಂಥಾಲಯವಿತ್ತು. ಕುರ್‌ಆನ್, ತಫ್ಸೀರ್, ಹದೀಸ್, ಫಿಕ್ಹ್, ಸೂಫಿ ಗ್ರಂಥಗಳ ಜೊತೆಗೆ ಇತಿಹಾಸ, ಕಾವ್ಯ, ಗಣಿತ, ಖಗೋಳ, ವೈದ್ಯ, ವ್ಯಾಕರಣ ಎಲ್ಲವೂ ಅಲ್ಲಿದ್ದವು. ಅರಬ್ಬಿ, ಪಾರ್ಸಿಗಳಷ್ಟೇ ಅಲ್ಲ, ದಖನಿಯ ಪುಸ್ತಕಗಳೂ ಇದ್ದವು. ಇವುಗಳಲ್ಲಿ ಹಲವು ಬೇರೆ ಆಸ್ಥಾನಗಳಿಂದ ಗೆದ್ದು ತಂದವು ಎಂಬುದನ್ನೂ ಮರೆಯಬಾರದು. ಆದರೆ ತಂದದ್ದನ್ನು ಹಾಳುಗೆಡವಲಿಲ್ಲ. ಅನೇಕವನ್ನು ಶ್ರೀರಂಗಪಟ್ಟಣದಲ್ಲೇ ಚರ್ಮದ ರಟ್ಟು ಕಟ್ಟಿಸಿ, ರಟ್ಟಿನ ಮೇಲೆ ಅಲ್ಲಾಹನ ಹೆಸರನ್ನೂ ನಾಲ್ವರು ಖಲೀಫರ ಹೆಸರುಗಳನ್ನೂ ಸರ್ಕಾರೆ ಖುದಾದಾದ್ ಎಂಬ ಮುದ್ರೆಯನ್ನೂ ಒತ್ತಿಸಿದ್ದರು.

ಈ ಸಂಗ್ರಹದ ಹೆಚ್ಚಿನ ಭಾಗ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಹೋಯಿತು. ಒಂದಿಷ್ಟು ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಿಗೆ, ಒಂದಿಷ್ಟು ಕಂಪನಿಯ ಲಂಡನ್ ಗ್ರಂಥಾಲಯಕ್ಕೆ. ಚಾರ್ಲ್ಸ್ ಸ್ಟೂವರ್ಟ್ ಎಂಬ ಪ್ರಾಧ್ಯಾಪಕ 1809ರಲ್ಲಿ ಅದರ ವಿವರಣಾತ್ಮಕ ಪಟ್ಟಿಯನ್ನು ಅಚ್ಚು ಮಾಡಿಸಿದ. ಗೆದ್ದವರು ಚಿನ್ನದ ಜೊತೆಗೆ ಪುಸ್ತಕಗಳ ಬೆಲೆಯನ್ನೂ ಅರಿತಿದ್ದರು. ಅವನ್ನು ಓದಲು ತಮ್ಮ ಅಧಿಕಾರಿಗಳಿಗೆ ಪಾರ್ಸಿ ಕಲಿಸಿದರು. ಪುಸ್ತಕ ಕಳೆದುಕೊಂಡ ನಾವು ಮಾತ್ರ ಚಿನ್ನದ ಹುಲಿಯ ಲೆಕ್ಕವನ್ನಷ್ಟೇ ನೆನಪಿಟ್ಟುಕೊಂಡೆವು.

ಕಿರುಗಾವಲಿನ ಬೀಜದ ಮನೆ

ನಿರಾಶೆ ಪಡಬೇಕಾಗಿಲ್ಲ. ಶ್ರೀರಂಗಪಟ್ಟಣದಿಂದ ಒಂದು ಗಂಟೆಯ ಒಳಗಿನ ದಾರಿಯಲ್ಲಿ, ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಇದೆ. ಅಲ್ಲಿನ ರೈತ ಸೈಯದ್ ಗನಿ ಖಾನ್ ತಮ್ಮ ಹಿರಿಯರಿಂದ ಬಂದ ಬಡಾ ಬಾಗ್ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವಿನ ಮರಗಳನ್ನು ಉಳಿಸಿಕೊಂಡಿದ್ದಾರೆ. ತೋಟ ಟಿಪ್ಪುವಿನ ಕಾಲದ್ದೆಂಬುದು ಮನೆತನದ ನಂಬಿಕೆ. ಇದಕ್ಕಿಂತ ದೊಡ್ಡ ಕೆಲಸ ಅವರ ಗದ್ದೆಯಲ್ಲಿದೆ. ಹೆಚ್ಚು ಇಳುವರಿಯ ತಳಿಗಳ ಮುಂದೆ ನಿಲ್ಲಲಾಗದೆ ಮಾಯವಾಗುತ್ತಿದ್ದ ರಾಜಮುಡಿ, ರತ್ನಚೂಡಿಯಂಥ ನಾಟಿ ಭತ್ತಗಳನ್ನು ಹುಡುಕಿ ತಂದು, ಸಾವಿರಕ್ಕೂ ಹೆಚ್ಚು ತಳಿಗಳನ್ನು ಚಿಕ್ಕ ಚಿಕ್ಕ ಮಡಿಗಳಲ್ಲಿ ಬಿತ್ತಿ, ಕೊಯ್ದು, ಮತ್ತೆ ಬಿತ್ತುತ್ತಾ ಬಂದಿದ್ದಾರೆ. ಭತ್ತವನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಟ್ಟರೆ ಕೆಲವು ವರ್ಷಗಳಲ್ಲಿ ಅದರ ಜೀವ ಹೋಗುತ್ತದೆ. ಮರಳಿ ಮರಳಿ ಮಣ್ಣಿಗೆ ಹಾಕಿದರೆ ಮಾತ್ರ ತಳಿ ಉಳಿಯುತ್ತದೆ. ಅವರ ಮನೆ ಇಂದು ಭತ್ತದ ವಸ್ತುಸಂಗ್ರಹಾಲಯ. ರೈತರೂ ವಿದ್ಯಾರ್ಥಿಗಳೂ ಹುಡುಕಿಕೊಂಡು ಹೋಗುತ್ತಾರೆ.

ಇಲ್ಮ್ ಕೂಡ ಈ ಭತ್ತದ ಹಾಗೆ. ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಸಾಯುತ್ತದೆ; ಒಂದು ತಲೆಮಾರು ಬಿತ್ತದೆ ಬಿಟ್ಟರೂ ಮುಂದಿನದಕ್ಕೆ ಬೀಜವಿಲ್ಲ.

ಮುಂದಿನ ಪ್ರವಾಸಕ್ಕೆ

ಆದ್ದರಿಂದ ನಮ್ಮ ಶಿಕ್ಷಕರಲ್ಲಿ, ಪೋಷಕರಲ್ಲಿ ಒಂದು ವಿನಂತಿ. ಮುಂದಿನ ಸಲ ಬಸ್ಸು ಹೊರಡುವ ಮುನ್ನ ಪ್ರತಿ ಮಗುವಿನ ಕೈಗೂ ಒಂದು ನೋಟ್ ಪುಸ್ತಕ ಕೊಡಿ. ಸಾವನದುರ್ಗ ಕಂಡಾಗ 1791 ಎಂದು ಬರೆಯಲಿ. ರಾಮನಗರದಲ್ಲಿ ರೇಷ್ಮೆಯನ್ನು, ಚನ್ನಪಟ್ಟಣದಲ್ಲಿ ಸೈಯದ್ ಇಬ್ರಾಹಿಂ ಅವರ ಹೆಸರನ್ನು, ಕನ್ನಂಬಾಡಿಯಲ್ಲಿ ಆ ಪಾರ್ಸಿ ಕಲ್ಲಿನ ಮಾತನ್ನು ಬರೆದುಕೊಳ್ಳಲಿ. ನಾಲೆಯ ನೀರು ಯಾವ ಕಡೆಯಿಂದ ಬರುತ್ತದೆ ಎಂದು ಗದ್ದೆಯಲ್ಲಿರುವ ರೈತನನ್ನೇ ಕೇಳಲಿ.

ಹಿಂತಿರುಗಿದ ಮೇಲೆ ಇನ್ನೊಂದು ಕೆಲಸವಿದೆ. ಟಿಪ್ಪುವಿನ ಚಿತ್ರವನ್ನು ನಾವು ಅಂಗಡಿಗಳಲ್ಲಿ, ಆಟೋಗಳ ಹಿಂದೆ ಹಾಕಿಕೊಳ್ಳುತ್ತೇವೆ. ಅಭಿಮಾನ ತಪ್ಪಲ್ಲ. ಆದರೆ ಎರಡು ಸಾವಿರ ಗ್ರಂಥಗಳಿದ್ದ ಮನೆಯ ಒಡೆಯನ ಚಿತ್ರ ತೂಗುಹಾಕಿದ ಗೋಡೆಯ ಕೆಳಗೆ ಇಪ್ಪತ್ತು ಪುಸ್ತಕಗಳ ಒಂದು ಕಪಾಟಾದರೂ ಬೇಡವೇ? ಕನ್ನಡ, ಉರ್ದು, ಇಂಗ್ಲಿಷ್ ಯಾವ ಭಾಷೆಯದಾದರೂ ಸರಿ. ಮನೆಯ ಹೆಣ್ಣುಮಕ್ಕಳ ಕೈಗೂ ಎಟಕುವಷ್ಟು ಕೆಳಗಿರಲಿ. ಕಲ್ಕತ್ತೆಗೂ ಲಂಡನ್ನಿಗೂ ಹೋದ ಪುಸ್ತಕಗಳನ್ನು ನಾವು ಮರಳಿ ತರಲಾರೆವು. ಕುದೂರಿನಲ್ಲಿ ಹೊಸ ಕಪಾಟುಗಳನ್ನು ತುಂಬಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲಾಹನು ನಮಗೆ ಆ ಮನಸ್ಸನ್ನು ದಯಪಾಲಿಸಲಿ, ಆಮೀನ್.